ಚಾರ್ಲ್‌ಸ್ಟನ್ ಬಂದರಿನ ದಿಗ್ಬಂಧನ ಮತ್ತು ಮೋರಿಸ್ ದ್ವೀಪದ ಹೋರಾಟ, ೧೮೬೧–೧೮೬೫

ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಂತರ್ಯುದ್ಧವನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ನಡೆಯುವ ಪಾಠದಲ್ಲಿ ಚಾರ್ಲ್‌ಸ್ಟನ್ ಪಟ್ಟಣದ ಹೆಸರು ಸಾಮಾನ್ಯವಾಗಿ ಒಂದೇ ಒಂದು ಸಲ ಬರುತ್ತದೆ. ೧೮೬೧ನೆಯ ಏಪ್ರಿಲ್ ೧೨ರ ಬೆಳಗಿನ ಜಾವದಲ್ಲಿ ಆ ಬಂದರಿನ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಫಿರಂಗಿಗಳು ಗುಂಡು ಹಾರಿಸಿದುವು, ಯುದ್ಧ ಆರಂಭವಾಯಿತು. ಅಲ್ಲಿಂದ ಮುಂದೆ ಪಾಠವು ಗೆಟಿಸ್‌ಬರ್ಗ್, ವಿಕ್ಸ್‌ಬರ್ಗ್‌ಗಳ ಕಡೆಗೆ ಹೊರಟುಹೋಗುತ್ತದೆ. ಅದೇ ಬಂದರಿನ ಬಾಯಲ್ಲಿ ಅನಂತರ ಸುಮಾರು ನಾಲ್ಕು ವರ್ಷಗಳ ಕಾಲ ನಡೆದ ಹೋರಾಟವನ್ನು ವಿದ್ಯಾರ್ಥಿಗಳು ಕೇಳುವುದೇ ಇಲ್ಲ. ಅದನ್ನು ಪ್ರಸ್ತಾಪಿಸುವ ಗ್ರಂಥಗಳಲ್ಲಿಯೂ ಹಲವು ಅದನ್ನು ಉತ್ತರದವರ ಒಂದು ದೊಡ್ಡ ವೈಫಲ್ಯವೆಂದು ಹೇಳಿ ಮುಗಿಸುತ್ತವೆ. ಸಮುದ್ರದ ಕಡೆಯಿಂದ ಪಟ್ಟಣವು ಕೊನೆಯವರೆಗೂ ಕೈವಶವಾಗಲಿಲ್ಲವೆಂಬುದೇ ಈ ತೀರ್ಪಿಗೆ ಆಧಾರ.

ಈ ತೀರ್ಪು ಪುನರ್ವಿಮರ್ಶೆಗೆ ತಕ್ಕುದೆಂದು ನಾವು ಭಾವಿಸುತ್ತೇವೆ. ಶತ್ರುವಿನ ಬಂದರನ್ನು ಮುಚ್ಚುವುದು ಒಂದು ಕಾರ್ಯ. ಆ ಬಂದರಿನ ಪಟ್ಟಣವನ್ನು ಹಿಡಿಯುವುದು ಮತ್ತೊಂದು ಕಾರ್ಯ. ಚಾರ್ಲ್‌ಸ್ಟನ್ನಿನಲ್ಲಿ ಮೊದಲನೆಯದು ಸಾಧ್ಯವಾಯಿತು, ಎರಡನೆಯದು ಆಗಲಿಲ್ಲ. ಇವೆರಡನ್ನೂ ಒಂದೇ ಎಂದು ಭ್ರಮಿಸಿದವರು ಕೇವಲ ಈಚಿನ ಗ್ರಂಥಕರ್ತರಲ್ಲ. ಅಂದಿನ ಸೇನಾನಿಗಳೂ ವಾಷಿಂಗ್ಟನ್ನಿನ ಮಂತ್ರಿಗಳೂ ಹಾಗೆಯೇ ಭ್ರಮಿಸಿದರು. ಆ ಭ್ರಮೆಯ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಲೇಖನದಲ್ಲಿ ಒಕ್ಕೂಟದ ಪಕ್ಷವನ್ನು ‘ಉತ್ತರದವರು’ ಎಂದೂ ಬೇರ್ಪಟ್ಟ ರಾಜ್ಯಗಳ ಪಕ್ಷವನ್ನು ‘ದಕ್ಷಿಣದವರು’ ಎಂದೂ ಸೌಕರ್ಯಕ್ಕಾಗಿ ಕರೆದಿದ್ದೇವೆ. ಆದರೆ ದಕ್ಷಿಣದ ಜನರಲ್ಲಿ ಲಕ್ಷಾಂತರ ಮಂದಿ ಗುಲಾಮರಾಗಿದ್ದರು, ಅವರೂ ದಕ್ಷಿಣದವರೇ, ಅವರ ಪಕ್ಷ ಬೇರೆಯಾಗಿತ್ತು ಎಂಬುದನ್ನು ವಾಚಕರು ಮರೆಯಬಾರದು.

ಸಮ್ಟರ್ ಕೋಟೆ ಶರಣಾದ ಕೆಲವೇ ದಿನಗಳಲ್ಲಿ, ಏಪ್ರಿಲ್ ೧೯ರಂದು, ಅಧ್ಯಕ್ಷ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನವನ್ನು ಘೋಷಿಸಿದನು. ಸುಮಾರು ೩,೫೦೦ ಮೈಲಿಗಳ ಕರಾವಳಿ. ಕಾವಲಿಗೆ ಯೋಗ್ಯವಾದ ಹಡಗುಗಳೋ ಬೆರಳೆಣಿಕೆಯಷ್ಟು. ಇಂಥ ಘೋಷಣೆಗೆ ಕಾಗದದ ಬೆಲೆಯೂ ಇಲ್ಲವೆಂದು ದಕ್ಷಿಣದವರು ನಕ್ಕರು. ಅವರ ನಗೆಗೆ ಕಾನೂನಿನ ಆಧಾರವೂ ಇತ್ತು. ಕ್ರಿಮಿಯ ಯುದ್ಧದ ಬಳಿಕ ೧೮೫೬ರಲ್ಲಿ ಪ್ಯಾರಿಸ್ಸಿನಲ್ಲಿ ಯುರೋಪಿನ ರಾಷ್ಟ್ರಗಳು ಒಪ್ಪಿಕೊಂಡ ಘೋಷಣೆಯ ಪ್ರಕಾರ ದಿಗ್ಬಂಧನವು ಮಾನ್ಯವಾಗಬೇಕಾದರೆ ಅದು ಪರಿಣಾಮಕಾರಿಯಾಗಿರಬೇಕು. ಎಂದರೆ ಶತ್ರುವಿನ ತೀರಕ್ಕೆ ಪ್ರವೇಶವನ್ನು ನಿಜವಾಗಿ ತಡೆಯುವಷ್ಟು ಬಲ ಅಲ್ಲಿ ನಿಂತಿರಬೇಕು. ಅಮೆರಿಕ ಆ ಘೋಷಣೆಗೆ ಸಹಿ ಹಾಕಿರಲಿಲ್ಲ. ಆದರೆ ಬ್ರಿಟನ್ ಮತ್ತು ಫ್ರಾನ್ಸ್ ದಿಗ್ಬಂಧನವನ್ನು ಅದೇ ಅಳತೆಗೋಲಿನಿಂದ ಅಳೆಯುತ್ತವೆಂಬುದು ನಿಶ್ಚಿತವಾಗಿತ್ತು. ಅವುಗಳ ಗಿರಣಿಗಳಿಗೆ ದಕ್ಷಿಣದ ಹತ್ತಿಯೇ ಜೀವಾಳ. ಆದುದರಿಂದ ಚಾರ್ಲ್‌ಸ್ಟನ್ನಿನಂಥ ಬಂದರಿನ ಮುಂದೆ ನಿಂತ ಹಡಗುಗಳ ಸಂಖ್ಯೆಯು ಕೇವಲ ಸೈನಿಕ ವಿಷಯವಾಗಿರದೆ, ಲಂಡನ್ನಿನ ವಿದೇಶಾಂಗ ಕಚೇರಿಯಲ್ಲಿ ಪ್ರತಿದಿನವೂ ತೂಗಿನೋಡುವ ವಿಷಯವಾಗಿತ್ತು.

ಬಂದರಿನ ಭೂರಚನೆಯನ್ನು ತಿಳಿಯದೆ ಮುಂದಿನ ಘಟನೆಗಳು ಅರ್ಥವಾಗಲಾರವು. ಆಷ್ಲಿ ಮತ್ತು ಕೂಪರ್ ಎಂಬ ಎರಡು ನದಿಗಳು ಕೂಡುವ ಮೂಲೆಯಲ್ಲಿ ಪಟ್ಟಣವಿದೆ. ಅದರ ಮುಂದೆ ವಿಶಾಲವಾದ ಒಳಬಂದರು. ಅದರ ಬಾಯಲ್ಲಿ ಉತ್ತರಕ್ಕೆ ಸಲಿವನ್ ದ್ವೀಪ, ದಕ್ಷಿಣಕ್ಕೆ ಮೋರಿಸ್ ದ್ವೀಪ. ಸಲಿವನ್ ದ್ವೀಪದಲ್ಲಿ ಮೌಲ್ಟ್ರಿ ಕೋಟೆ. ಎರಡರ ನಡುವೆ, ನೀರಿನಲ್ಲಿ ಕಟ್ಟಿದ ಇಟ್ಟಿಗೆಯ ಸಮ್ಟರ್ ಕೋಟೆ. ಹೊರಗೆ ಸಮುದ್ರದಲ್ಲಿ ಉದ್ದಕ್ಕೂ ಮರಳದಿಬ್ಬಗಳು. ಅವುಗಳ ನಡುವೆ ಕೆಲವೇ ಹಡಗುದಾರಿಗಳು. ಅಳಿವೆಯ ಸ್ವಭಾವವನ್ನು ಬಲ್ಲ ನಮ್ಮ ಕರಾವಳಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿಗ್ಬಂಧನದ ಹಡಗುಗಳು ಈ ದಿಬ್ಬಗಳ ಹೊರಗೆ, ಮೈಲಿಗಟ್ಟಲೆ ದೂರ ಹರಡಿದ ಕಮಾನಿನಂತೆ ನಿಲ್ಲಬೇಕಾಗಿತ್ತು. ಚಂದ್ರನಿಲ್ಲದ ರಾತ್ರಿಗಳಲ್ಲಿ ಬೂದುಬಣ್ಣ ಬಳಿದ, ತಗ್ಗಾದ, ಹೊಗೆ ಕಡಮೆ ಬರುವ ಕಲ್ಲಿದ್ದಲನ್ನು ಉರಿಸುವ ಉಗಿಹಡಗುಗಳು ಸುಮಾರು ೫೦೦ ಮೈಲಿ ದೂರದ ನಸ್ಸೌ ಬಂದರಿನಿಂದ ಬಂದು, ಈ ಕಮಾನಿನ ಸಂದುಗಳಲ್ಲಿ ನುಸುಳಿ, ತೀರದ ಅಂಚಿಗೆ ಅಂಟಿಕೊಂಡು ಒಳಗೆ ಸೇರುತ್ತಿದ್ದುವು. ಒಳಗೆ ಬರುವಾಗ ಬಂದೂಕು, ಮದ್ದು, ಔಷಧ, ಮದ್ಯ; ಹೊರಗೆ ಹೋಗುವಾಗ ಹತ್ತಿ. ಹೀಗೆ ಒಳಗೆ ಸೇರಿದ ಹಡಗಿಗೆ ಸಮ್ಟರ್ ಮತ್ತು ಮೋರಿಸ್ ದ್ವೀಪದ ಫಿರಂಗಿಗಳೇ ರಕ್ಷೆ. ಆ ರಕ್ಷೆಯಿರುವವರೆಗೆ ಕಾವಲಿನ ಹಡಗುಗಳು ದಿಬ್ಬದ ಒಳಗೆ ಬಂದು ನಿಲ್ಲುವಂತಿಲ್ಲ. ಸಮಸ್ಯೆಯ ಕೀಲಿ ಇರುವುದು ಇಲ್ಲಿ.

ದಿಗ್ಬಂಧನವನ್ನು ಕುರಿತು ಯೋಜನೆ ರೂಪಿಸಲು ೧೮೬೧ರ ಬೇಸಗೆಯಲ್ಲಿ ನಾಲ್ವರ ಒಂದು ಮಂಡಲಿ ವಾಷಿಂಗ್ಟನ್ನಿನಲ್ಲಿ ಸೇರಿತು. ನೌಕಾಧಿಕಾರಿಗಳಾದ ಡು ಪಾಂಟ್ ಮತ್ತು ಡೇವಿಸ್, ಕರಾವಳಿ ಮೋಜಣಿ ಇಲಾಖೆಯ ಮುಖ್ಯಸ್ಥನಾದ ಬೇಚ್, ಸೈನ್ಯದ ಎಂಜಿನಿಯರ್ ಬರ್ನಾರ್ಡ್ ಅದರ ಸದಸ್ಯರು. ಉಗಿಹಡಗಿಗೆ ಕಲ್ಲಿದ್ದಲು ಬೇಕು. ದುರಸ್ತಿಯ ತಾಣ ಬೇಕು. ಅವಕ್ಕಾಗಿ ಪ್ರತಿಸಲವೂ ಉತ್ತರದ ಬಂದರುಗಳಿಗೆ ಮರಳುವುದಾದರೆ ಕಾವಲೆಂಬುದು ಹೆಸರಿಗೆ ಮಾತ್ರ. ಆದುದರಿಂದ ಶತ್ರುವಿನ ತೀರದಲ್ಲಿಯೇ ಕೆಲವು ನೆಲೆಗಳನ್ನು ಭೂಸೈನ್ಯದ ನೆರವಿನಿಂದ ಹಿಡಿಯಬೇಕೆಂದು ಮಂಡಲಿ ಸಲಹೆಯಿತ್ತಿತು. ಅದರಂತೆ ಡು ಪಾಂಟನು ಸುಮಾರು ೭೫ ಹಡಗುಗಳನ್ನೂ, ಜನರಲ್ ಥಾಮಸ್ ಷರ್ಮನ್ನನ ಕೈಕೆಳಗಿನ ೧೨,೦೦೦ಕ್ಕೆ ಮಿಕ್ಕ ಸೈನಿಕರನ್ನೂ ಕೂಡಿಕೊಂಡು ಅಕ್ಟೋಬರ್ ಕೊನೆಯಲ್ಲಿ ಹೊರಟನು. ದಾರಿಯಲ್ಲಿ ಬಿರುಗಾಳಿ ಹಿಡಿದು ನೌಕಾಸಮೂಹ ಚದರಿತು. ಇಳಿದಾಣದ ದೋಣಿಗಳಲ್ಲಿ ಬಹಳಷ್ಟು ಹಾಳಾದುವು. ಸೈನ್ಯವನ್ನು ಇಳಿಸುವ ಯೋಜನೆಯನ್ನು ಕೈಬಿಟ್ಟು ನವೆಂಬರ್ ೭ರಂದು ಹಡಗುಗಳೇ ಪೋರ್ಟ್ ರಾಯಲ್ಲಿನ ಎರಡು ಮಣ್ಣುಕೋಟೆಗಳನ್ನು ಹೊಡೆದು ಬಗ್ಗಿಸಿದುವು. ದಡದಲ್ಲಿ ದಕ್ಷಿಣದವರ ಸೇನಾನಿ ಥಾಮಸ್ ಡ್ರೇಟನ್. ಅವನ ಮೇಲೆ ಗುಂಡು ಹಾರಿಸುತ್ತಿದ್ದ ಹಡಗೊಂದರ ನಾಯಕ ಪರ್ಸಿವಲ್ ಡ್ರೇಟನ್, ಅವನ ಒಡಹುಟ್ಟಿದ ತಮ್ಮ.

ಈ ಗೆಲವಿನಿಂದ ಚಾರ್ಲ್‌ಸ್ಟನ್ ಮತ್ತು ಸವಾನಾ ಬಂದರುಗಳ ನಡುವೆ ಉತ್ತರದವರಿಗೆ ಉತ್ತಮ ನೆಲೆ ಸಿಕ್ಕಿತು. ಇನ್ನೊಂದು ಫಲವನ್ನು ಯಾರೂ ನಿರೀಕ್ಷಿಸಿರಲಿಲ್ಲ. ತೋಟದ ಒಡೆಯರು ಓಡಿಹೋದರು. ಸುಮಾರು ೧೦,೦೦೦ ಗುಲಾಮರು ಒಡೆಯರ ಹಿಂದೆ ಹೋಗದೆ ಆ ದ್ವೀಪಗಳಲ್ಲಿಯೇ ಉಳಿದರು. ಮುಂದೆ ಮೋರಿಸ್ ದ್ವೀಪದಲ್ಲಿ ಕಾದಿದ ಕಪ್ಪುವರ್ಣೀಯ ಪಡೆಗಳಲ್ಲಿ ಕೆಲವು ಈ ಜನರಿಂದಲೇ ರೂಪುಗೊಂಡುವು. ಒಂದು ಕಲ್ಲಿದ್ದಲ ನೆಲೆಗಾಗಿ ನಡೆದ ದಂಡಯಾತ್ರೆ ಯುದ್ಧದ ಸ್ವರೂಪವನ್ನೇ ಬದಲಿಸುವ ಬೀಜವನ್ನು ಬಿತ್ತಿತೆಂದು ಹೇಳಬಹುದು.

ಇದೇ ವರ್ಷದ ಡಿಸೆಂಬರಿನಲ್ಲಿ ಒಂದು ವಿಚಿತ್ರವಾದ ಪ್ರಯೋಗ ನಡೆಯಿತು. ಹಳೆಯ ತಿಮಿಂಗಿಲಬೇಟೆಯ ಹಡಗುಗಳನ್ನು ಅಗ್ಗದ ಬೆಲೆಗೆ ಕೊಂಡು, ಅವುಗಳ ಹೊಟ್ಟೆಗೆ ಕಲ್ಲು ತುಂಬಿ, ೧೬ ಹಡಗುಗಳನ್ನು ಚಾರ್ಲ್‌ಸ್ಟನ್ನಿನ ಮುಖ್ಯ ಹಡಗುದಾರಿಯಲ್ಲಿ ಮುಳುಗಿಸಿದರು. ಮರುತಿಂಗಳು ಇನ್ನೊಂದು ದಾರಿಯಲ್ಲಿ ಮತ್ತಷ್ಟು ಹಡಗುಗಳು ಮುಳುಗಿದುವು. ಬಂದರೊಂದನ್ನು ಶಾಶ್ವತವಾಗಿ ಹಾಳುಮಾಡುವುದು ಅನಾಗರಿಕ ಕೃತ್ಯವೆಂದು ಬ್ರಿಟಿಷರು ಆಕ್ಷೇಪಿಸಿದರು. ಆಕ್ಷೇಪಿಸುವ ಅಗತ್ಯವಿರಲಿಲ್ಲ. ಕೆಲವು ತಿಂಗಳುಗಳಲ್ಲಿ ಹುಳು ಮರವನ್ನು ತಿಂದಿತು, ಕಲ್ಲು ಕೆಸರಿನಲ್ಲಿ ಹೂತಿತು, ಪ್ರವಾಹವು ಪಕ್ಕದಲ್ಲಿ ಹೊಸ ದಾರಿಯನ್ನು ಕೊರೆಯಿತು. ಕಲ್ಲಿನಿಂದ ಬಂದರನ್ನು ಮುಚ್ಚುವ ಯತ್ನ ಇಲ್ಲಿಗೆ ಮುಗಿಯಿತು.

೧೮೬೨ನೆಯ ವರ್ಷದ ಘಟನೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಏಪ್ರಿಲ್ ೧೦–೧೧ರಂದು ಎಂಜಿನಿಯರ್ ಅಧಿಕಾರಿ ಕ್ವಿನ್ಸಿ ಗಿಲ್ಮೋರ್ ಎಂಬವನು, ಒಳಮೈಯಲ್ಲಿ ಸುರುಳಿಗೆರೆ ಕೊರೆದ ಹೊಸ ಬಗೆಯ ಫಿರಂಗಿಗಳಿಂದ ಒಂದು ಮೈಲಿಗೂ ಹೆಚ್ಚು ದೂರದಿಂದ ಹೊಡೆದು, ಸವಾನಾ ನದಿಯ ಮುಖದ ಪುಲಾಸ್ಕಿ ಕೋಟೆಯನ್ನು ಎರಡು ದಿನಗಳಲ್ಲಿ ಕೆಡವಿದನು. ಸವಾನಾ ಪಟ್ಟಣವನ್ನು ಯಾರೂ ಹಿಡಿಯಲಿಲ್ಲ. ಆದರೆ ಆ ಬಂದರು ಅಂದೇ ಮುಚ್ಚಿತು. ಈ ನಿದರ್ಶನವನ್ನು ವಾಚಕರು ಗಮನದಲ್ಲಿಡಬೇಕು. ಮೇ ೧೩ರಂದು ಚಾರ್ಲ್‌ಸ್ಟನ್ನಿನಲ್ಲಿ ದಕ್ಷಿಣದವರ ‘ಪ್ಲಾಂಟರ್’ ಎಂಬ ಉಗಿಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದ ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮನು, ಬಿಳಿಯ ಅಧಿಕಾರಿಗಳು ದಡಕ್ಕೆ ಹೋಗಿದ್ದ ರಾತ್ರಿ, ತನ್ನ ಹೆಂಡತಿ ಮಕ್ಕಳನ್ನೂ ಸಂಗಡಿಗರನ್ನೂ ಹತ್ತಿಸಿಕೊಂಡು, ಕೋಟೆಗಳ ಮುಂದೆ ವಾಡಿಕೆಯ ಸಂಕೇತವನ್ನು ಕೊಡುತ್ತ ಸಾಗಿ ಹಡಗನ್ನು ದಿಗ್ಬಂಧನದವರಿಗೆ ಒಪ್ಪಿಸಿದನು. ದಕ್ಷಿಣದವರು ಸ್ಟೋನೋ ನದಿಯ ಮುಖದ ಕಾವಲನ್ನು ಕೈಬಿಟ್ಟಿದ್ದಾರೆಂಬ ಸುದ್ದಿಯನ್ನೂ ಅವನು ತಂದನು. ಆ ದಾರಿಯಲ್ಲಿ ಉತ್ತರದವರು ಜೇಮ್ಸ್ ದ್ವೀಪದಲ್ಲಿ ಇಳಿದರು. ಆದರೆ ಜೂನ್ ೧೬ರಂದು ಸೆಸೆಷನ್‌ವಿಲ್ ಎಂಬಲ್ಲಿ ಜನರಲ್ ಬೆನ್‌ಹ್ಯಾಮನು ಇಕ್ಕಟ್ಟಾದ ನೆಲದಲ್ಲಿ ನೇರವಾಗಿ ಲಗ್ಗೆಯಿಟ್ಟು ಸುಮಾರು ೭೦೦ ಜನರನ್ನು ಕಳೆದುಕೊಂಡನು. ಸೈನ್ಯ ಹಿಂದೆ ಸರಿಯಿತು. ಗುಲಾಮನೊಬ್ಬನು ತಂದುಕೊಟ್ಟ ಅವಕಾಶವನ್ನು ಜನರಲ್ಲೊಬ್ಬನು ಕಳೆದನು.

೧೮೬೩ರ ಜನವರಿ ೩೧ರ ಮುಂಜಾನೆ ದಕ್ಷಿಣದವರ ಎರಡು ಕಬ್ಬಿಣಕವಚದ ಹಡಗುಗಳು ಮಂಜಿನಲ್ಲಿ ಹೊರಬಿದ್ದು ಕಾವಲಿನ ಎರಡು ಹಡಗುಗಳನ್ನು ಜಖಂಗೊಳಿಸಿದುವು. ದಕ್ಷಿಣದವರ ಸೇನಾನಿ ಬೋರಗಾರ್ಡನು ಕೂಡಲೆ ದಿಗ್ಬಂಧನವು ಮುರಿಯಿತೆಂದು ಪ್ರಕಟಿಸಿದನು. ಕಾವಲು ಒಮ್ಮೆ ಬಲಪ್ರಯೋಗದಿಂದ ಚದರಿದರೆ ದಿಗ್ಬಂಧನ ರದ್ದಾಗುತ್ತದೆ, ಹೊಸದಾಗಿ ಘೋಷಿಸಬೇಕಾಗುತ್ತದೆ ಎಂಬುದು ಅವನ ವಾದದ ತಿರುಳು. ವಿದೇಶೀ ಪ್ರತಿನಿಧಿಗಳನ್ನು ಕರೆದೊಯ್ದು ಸಮುದ್ರವನ್ನು ತೋರಿಸುವ ವ್ಯವಸ್ಥೆಯೂ ಆಯಿತು. ಅಷ್ಟರಲ್ಲಿ ಕಾವಲಿನ ಹಡಗುಗಳು ತಮ್ಮ ಸ್ಥಾನಗಳಿಗೆ ಮರಳಿದ್ದುವು. ಯುರೋಪು ಈ ಘೋಷಣೆಯನ್ನು ಮನ್ನಿಸಲಿಲ್ಲ. ಆದರೂ ಬಂದರಿನ ಬಾಯನ್ನು ಹೊರಗಿನಿಂದ ಕಾಯುವುದು ಎಷ್ಟು ದುರ್ಬಲವಾದ ಏರ್ಪಾಡೆಂಬುದು ಅಂದು ಸ್ಪಷ್ಟವಾಯಿತು.

ನೌಕಾ ಇಲಾಖೆಯು ಇದಕ್ಕೆ ಕಂಡುಕೊಂಡ ಪರಿಹಾರ ಹಡಗುಗಳಿಂದಲೇ ಪಟ್ಟಣವನ್ನು ಹಿಡಿಯುವುದು. ತಿರುಗುವ ಗೋಪುರದಲ್ಲಿ ಫಿರಂಗಿಯಿಟ್ಟ ‘ಮಾನಿಟರ್’ ಜಾತಿಯ ಹಡಗುಗಳ ಮೇಲೆ ಅದಕ್ಕೆ ಅಪಾರ ನಂಬಿಕೆ. ಡು ಪಾಂಟನಿಗೆ ಆ ನಂಬಿಕೆಯಿರಲಿಲ್ಲ. ಸೈನ್ಯದ ಸಹಕಾರವಿಲ್ಲದೆ ಈ ಕೆಲಸ ಆಗದೆಂದು ಅವನ ಮತ. ಆಜ್ಞೆಗೆ ಮಣಿದು ಏಪ್ರಿಲ್ ೭ರಂದು ಒಂಬತ್ತು ಕವಚದ ಹಡಗುಗಳೊಡನೆ ಒಳನುಗ್ಗಿದನು. ಸುಮಾರು ಎರಡು ಗಂಟೆಗಳ ಕಾಲ ನಡೆದ ಕಾಳಗದಲ್ಲಿ ಉತ್ತರದವರ ಹಡಗುಗಳು ಹಾರಿಸಿದ್ದು ಸುಮಾರು ೧೪೦ ಗುಂಡು. ಕೋಟೆಗಳು ಹಾರಿಸಿದ್ದು ಸುಮಾರು ೨,೨೦೦. ‘ಕಿಯೋಕುಕ್’ ಎಂಬ ಹಡಗು ೯೦ ಪೆಟ್ಟು ತಿಂದು ಮರುದಿನ ಮುಳುಗಿತು. ದಕ್ಷಿಣದವರು ರಾತ್ರಿಗಳಲ್ಲಿ ಗುಟ್ಟಾಗಿ ದುಡಿದು ಅದರ ಎರಡು ದೊಡ್ಡ ಫಿರಂಗಿಗಳನ್ನು ಎತ್ತಿ ತಮ್ಮ ಕೋಟೆಗಳಿಗೆ ಸೇರಿಸಿಕೊಂಡರು. ಡು ಪಾಂಟನು ಮತ್ತೆ ದಾಳಿ ಮಾಡಲು ಒಪ್ಪದೆ ಅಧಿಕಾರವನ್ನು ಕಳೆದುಕೊಂಡನು. ನಮ್ಮ ದೃಷ್ಟಿಯಲ್ಲಿ ಈ ಇಡೀ ಪ್ರಕರಣದಲ್ಲಿ ನಿಜವನ್ನು ನುಡಿದುದಕ್ಕಾಗಿ ಶಿಕ್ಷೆ ಅನುಭವಿಸಿದವನು ಅವನೊಬ್ಬನೆ.

ಅವನ ಸ್ಥಾನಕ್ಕೆ ಜುಲೈ ಮೊದಲ ವಾರದಲ್ಲಿ ಡಾಲ್‌ಗ್ರೆನ್ ಬಂದನು. ಭೂಸೈನ್ಯದ ನಾಯಕತ್ವಕ್ಕೆ ಅದಾಗಲೇ ಪುಲಾಸ್ಕಿಯ ವಿಜೇತ ಗಿಲ್ಮೋರನು ಬಂದಿದ್ದನು. ಗಿಲ್ಮೋರನ ಯೋಜನೆ ಸರಳವಾಗಿತ್ತು. ಮೋರಿಸ್ ದ್ವೀಪವು ಸುಮಾರು ನಾಲ್ಕು ಮೈಲಿ ಉದ್ದದ, ತಗ್ಗಾದ ಮರಳಿನ ಪಟ್ಟೆ. ಅದರ ಉತ್ತರ ತುದಿಯಾದ ಕಮಿಂಗ್ಸ್ ಪಾಯಿಂಟಿನಿಂದ ಸಮ್ಟರ್ ಕೋಟೆ ಮುಕ್ಕಾಲು ಮೈಲಿಯಷ್ಟೆ. ದಕ್ಷಿಣದ ತುದಿಯಲ್ಲಿ ಇಳಿದು, ದ್ವೀಪವನ್ನು ಹಿಡಿದು, ಅಲ್ಲಿಂದ ಸಮ್ಟರನ್ನು ಕೆಡವಬೇಕು. ಅನಂತರ ನೌಕಾಬಲವು ಒಳಗೆ ನುಗ್ಗಬೇಕು. ಜೊಂಡು ಬೆಳೆದ ಪಕ್ಕದ ಫೋಲಿ ದ್ವೀಪದ ತುದಿಯಲ್ಲಿ, ಶತ್ರುವಿನ ಕಣ್ಣಳತೆಯಲ್ಲಿಯೇ, ರಾತ್ರಿಯ ಹೊತ್ತು ಮಾತಿಲ್ಲದೆ ದುಡಿದು ಉತ್ತರದವರು ೪೭ ಫಿರಂಗಿಗಳನ್ನು ನೆಟ್ಟರು. ಜುಲೈ ೧೦ರ ಬೆಳಗ್ಗೆ ಮರೆಯ ಪೊದೆಗಳನ್ನು ಕಡಿದು ಒಮ್ಮೆಗೇ ಗುಂಡಿನ ಮಳೆ ಕರೆದರು. ಜನರಲ್ ಸ್ಟ್ರಾಂಗನ ದಳವು ದೋಣಿಗಳಲ್ಲಿ ನಡುವಿನ ಕಾಲುವೆಯನ್ನು ದಾಟಿ ಇಳಿಯಿತು. ಮಾನಿಟರ್‌ಗಳು ಕಡಲಿನ ಕಡೆಯಿಂದ ಹೊಡೆದುವು. ಅಂದು ಬೆಳಗು ಮುಗಿಯುವುದರೊಳಗೆ ದ್ವೀಪದ ಮುಕ್ಕಾಲು ಭಾಗ ಉತ್ತರದವರ ವಶವಾಯಿತು. ಜಲಸ್ಥಲ ಸೈನ್ಯಗಳ ಕೂಡುಕಾರ್ಯ ಹೇಗಿರಬೇಕೆಂಬುದಕ್ಕೆ ಆ ಒಂದು ಬೆಳಗನ್ನು ಉದಾಹರಿಸಬಹುದು.

ಉಳಿದುದು ವ್ಯಾಗ್ನರ್ ಕೋಟೆ. ಕಡಲಿನ ಅಂಚಿನಿಂದ ಹಿಂದಿನ ಜೌಗು ಹಳ್ಳದವರೆಗೆ ದ್ವೀಪದ ಅಗಲವನ್ನೆಲ್ಲ ಅಡ್ಡಗಟ್ಟಿದ ಮರಳಿನ ಕೋಟೆ ಅದು. ಅದರ ಮುಂದಿನ ನೆಲ ತೀರ ಇಕ್ಕಟ್ಟು. ಭರತದ ವೇಳೆ ಇನ್ನೂ ಇಕ್ಕಟ್ಟು. ಜುಲೈ ೧೧ರ ನಸುಕಿನಲ್ಲಿ ನಡೆದ ಲಗ್ಗೆಯಲ್ಲಿ ಉತ್ತರದವರಿಗೆ ೩೩೯ ಜನರ ನಷ್ಟ, ದಕ್ಷಿಣದವರಿಗೆ ಕೇವಲ ೧೨. ಜುಲೈ ೧೮ರಂದು ಗಿಲ್ಮೋರನು ದಿನವೆಲ್ಲ ನೆಲದಿಂದಲೂ ಹಡಗುಗಳಿಂದಲೂ ಸುಮಾರು ೯,೦೦೦ ಗುಂಡುಗಳನ್ನು ಸುರಿಸಿದನು. ಇಟ್ಟಿಗೆಯ ಪುಲಾಸ್ಕಿಯನ್ನು ಪುಡಿಮಾಡಿದ ಫಿರಂಗಿಗಳು ಮರಳಿನಲ್ಲಿ ಹೊಂಡ ತೋಡಿದುವಷ್ಟೆ. ನೆಲಮಾಳಿಗೆಯಲ್ಲಿ ಅಡಗಿದ್ದ ೧,೭೦೦ಕ್ಕೆ ಮಿಕ್ಕ ಕಾವಲುಪಡೆಯಲ್ಲಿ ಆ ಮಳೆಗೆ ಸಿಕ್ಕಿ ಸತ್ತವರು ಹತ್ತು ಮಂದಿಯೂ ಇರಲಿಲ್ಲ. ಕೋಟೆ ಮೌನವಾಯಿತೆಂದು ನಂಬಿ ಸಂಜೆಗತ್ತಲಲ್ಲಿ ಲಗ್ಗೆಗೆ ಅಪ್ಪಣೆಯಾಯಿತು.

ಮುಂಚೂಣಿಯಲ್ಲಿ ನಡೆದುದು ೫೪ನೆಯ ಮ್ಯಾಸಚುಸೆಟ್ಸ್ ಪಡೆ. ಉತ್ತರದ ರಾಜ್ಯಗಳಲ್ಲಿ ಕಟ್ಟಿದ ಮೊದಲ ಕಪ್ಪುವರ್ಣೀಯ ಪಡೆಗಳಲ್ಲಿ ಅದು ಒಂದು. ನಾಯಕನಾದ ಕರ್ನಲ್ ರಾಬರ್ಟ್ ಗೌಲ್ಡ್ ಷಾ ೨೫ ವರ್ಷದ ಬಿಳಿಯ ತರುಣ. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ಸನ ಮಗ ಲೂಯಿಸ್ ಆ ಪಡೆಯಲ್ಲಿ ಸಾರ್ಜೆಂಟ್ ಮೇಜರ್. ಸುಮಾರು ೬೦೦ ಜನರಲ್ಲಿ ೨೭೦ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಸೆರೆಯಾದರು. ಷಾ ಕೋಟೆಯ ದಿಬ್ಬದ ಮೇಲೆ ಮಡಿದನು. ಹಿಂದೆ ಬಂದ ದಳಗಳು ಕೋಟೆಯ ಒಂದು ಮೂಲೆಯನ್ನು ಕೆಲಕಾಲ ಹಿಡಿದು, ನೆರವಿಲ್ಲದೆ ಸೋತುವು. ಒಟ್ಟು ನಷ್ಟ ಉತ್ತರದವರಿಗೆ ೧,೫೦೦ಕ್ಕೂ ಹೆಚ್ಚು. ದಕ್ಷಿಣದವರಿಗೆ ೨೦೦ಕ್ಕೂ ಕಡಮೆ. ಪಡೆಯ ಧ್ವಜವನ್ನು ನೆಲಕ್ಕೆ ಬೀಳಗೊಡದೆ ಹೊತ್ತು ತಂದ ಸಾರ್ಜೆಂಟ್ ವಿಲಿಯಂ ಕಾರ್ನಿಗೆ ಶೌರ್ಯಪದಕ ದೊರೆತುದು ೧೯೦೦ರಲ್ಲಿ.

ಈ ಲಗ್ಗೆ ಅಗತ್ಯವಾಗಿತ್ತೇ? ಕಪ್ಪುವರ್ಣೀಯ ಸೈನಿಕರ ಧೈರ್ಯವನ್ನು ಜಗತ್ತಿಗೆ ತೋರಿಸಿದ ಘಟನೆಯೆಂದು ಅದನ್ನು ಸಮರ್ಥಿಸುವವರಿದ್ದಾರೆ. ಪರಿಣಾಮದ ದೃಷ್ಟಿಯಿಂದ ಅವರ ಮಾತು ಸುಳ್ಳಲ್ಲ, ಹೊಸ ಪಡೆಗಳ ಭರ್ತಿಗೆ ಅದು ನಿಜವಾಗಿ ನೆರವಾಯಿತು. ಆದರೆ ಸೇನಾನಿಯು ಲಗ್ಗೆಗೆ ಅಪ್ಪಣೆ ಕೊಟ್ಟುದು ಆ ಉದ್ದೇಶದಿಂದಲ್ಲ. ಏಳು ದಿನಗಳ ಹಿಂದೆ ಅದೇ ನೆಲದಲ್ಲಿ, ಹಿಂದಿನ ವರ್ಷ ಜೇಮ್ಸ್ ದ್ವೀಪದಲ್ಲಿ, ಇಕ್ಕಟ್ಟಾದ ನೆಲದ ನೇರ ಲಗ್ಗೆಯ ಫಲವೇನೆಂಬುದು ಕಂಡಿತ್ತು. ಬಂದರನ್ನು ಮುಚ್ಚುವುದೇ ಗುರಿಯೆಂದು ತಿಳಿದಿದ್ದರೆ ಅವಸರಕ್ಕೆ ಕಾರಣವಿರಲಿಲ್ಲ. ಪಟ್ಟಣವನ್ನು ಬೇಗ ಹಿಡಿದು ಬಂಡಾಯದ ತವರನ್ನು ದಂಡಿಸಬೇಕೆಂಬ ಉತ್ತರದ ಪತ್ರಿಕೆಗಳ ಕೂಗಿಗೆ ಅವಸರವಿತ್ತು. ಆ ಕೂಗಿಗೆ ಬಲಿಯಾದವರು ಮರಳಿನಲ್ಲಿ ಮಲಗಿದರೆಂಬುದು ನಮ್ಮ ಅಭಿಪ್ರಾಯ.

ಅನಂತರ ನಡೆದುದು ಕ್ರಮಬದ್ಧವಾದ ಮುತ್ತಿಗೆ. ಮರಳಿನಲ್ಲಿ ಒಂದರ ಮುಂದೊಂದು ಸಮಾಂತರ ಕಂದಕಗಳನ್ನು ತೋಡುತ್ತ ದಿನಕ್ಕೆ ಇಷ್ಟಿಷ್ಟೇ ಮುಂದುವರಿಯುವುದು. ರಾತ್ರಿ ಸುಣ್ಣದ ದೀಪಗಳ ಪ್ರಖರ ಬೆಳಕನ್ನು ಕೋಟೆಯ ಮೇಲೆ ಹಾಯಿಸುವುದು. ಹಡಗುಗಳಿಂದ ಎಡೆಬಿಡದೆ ಹೊಡೆಯುವುದು. ಆಗಸ್ಟಿನ ಬಿಸಿಲು. ಮರಳಿನಲ್ಲಿ ಆಳವಿಲ್ಲದೆ ಹೂಳಿದ ಹೆಣಗಳಿಂದ ಬಾವಿಗಳ ನೀರು ಕೆಟ್ಟು ಕೋಟೆಯೊಳಗಿನವರು ಬಾಯಾರಿದರು. ತೋಡುವ ಕೆಲಸದಲ್ಲಿ ಬಹುಪಾಲು ಕಪ್ಪುವರ್ಣೀಯ ಪಡೆಗಳ ಮೇಲೆ ಬಿದ್ದಿತು. ಎಂಜಿನಿಯರ್ ಮೇಜರ್ ಬ್ರೂಕ್ಸನು ಈ ಸೈನಿಕರ ಕೆಲಸವನ್ನು ಕುರಿತು ತನ್ನ ಅಧಿಕಾರಿಗಳಿಗೆ ಒಂದು ಪ್ರಶ್ನಾವಳಿಯನ್ನು ಕಳುಹಿಸಿದನು. ಕೆಲಸದ ಒಟ್ಟು ಮೊತ್ತದಲ್ಲಿ ಅವರು ಬಿಳಿಯರಿಗಿಂತ ಹಿಂದೆ ಬೀಳಲಿಲ್ಲವೆಂದು ಉತ್ತರ ಬಂದಿತು. ೧೮೬೫ರಲ್ಲಿ ಪ್ರಕಟವಾದ ಗಿಲ್ಮೋರನ ವರದಿಯಲ್ಲಿ ಇದೆಲ್ಲವೂ ಸೇರಿದೆ. ವರದಿ ಹೀಗಿದ್ದರೂ ಸಂಬಳ ಬೇರೆಯಿತ್ತು: ಬಿಳಿಯ ಸಿಪಾಯಿಗೆ ತಿಂಗಳಿಗೆ ೧೩ ಡಾಲರ್, ಕರಿಯನಿಗೆ ೧೦ ಡಾಲರ್, ಅದರಲ್ಲಿಯೂ ಬಟ್ಟೆಗೆಂದು ೩ ಡಾಲರ್ ಕಳೆತ. ೫೪ನೆಯ ಪಡೆಯವರು ಈ ಅರೆಸಂಬಳವನ್ನು ಮುಟ್ಟಲೊಲ್ಲದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸಂಬಳವಿಲ್ಲದೆ ದುಡಿದರು. ಸಮಾನ ವೇತನದ ಕಾನೂನು ಬಂದುದು ೧೮೬೪ರ ಜೂನಿನಲ್ಲಿ. ಅತ್ತ ಎದುರು ಪಕ್ಷದಲ್ಲಿಯೂ ಕೋಟೆಯ ಮರಳನ್ನು ಹೊತ್ತವರು ತೋಟಗಳಿಂದ ಬಲಾತ್ಕಾರವಾಗಿ ತಂದ ಗುಲಾಮರೇ. ಎರಡು ಕಡೆಯ ಗೋಡೆಗಳನ್ನೂ ಕಟ್ಟಿದವರು ಒಂದೇ ಜನ.

ಆಗಸ್ಟ್ ೧೭ರಿಂದ ೨೩ರವರೆಗೆ ಸುಮಾರು ೫,೦೦೦ ಗುಂಡುಗಳು ಸಮ್ಟರಿನ ಮೇಲೆ ಬಿದ್ದು ಅದು ಇಟ್ಟಿಗೆಯ ರಾಶಿಯಾಯಿತು. ಅದರ ಫಿರಂಗಿಗಳು ಮೌನವಾದುವು. ಆದರೆ ರಾಶಿಯಾದ ಇಟ್ಟಿಗೆ ನೆಟ್ಟಗೆ ನಿಂತ ಗೋಡೆಗಿಂತ ಗಟ್ಟಿ. ಫಿರಂಗಿಯಿಲ್ಲದ ಆ ಹಾಳಿನಲ್ಲಿ ಬಂದೂಕಿನ ಸಿಪಾಯಿಗಳು ಮುಂದೆ ಒಂದೂವರೆ ವರ್ಷ ತಳವೂರಿದರು. ಇದೇ ವೇಳೆಗೆ ಗಿಲ್ಮೋರನು ಜೌಗಿನ ಕೆಸರಿನಲ್ಲಿ ತೇಲುವಂತೆ ಒಂದು ವೇದಿಕೆಯನ್ನು ಕಟ್ಟಿಸಿ ಅದರ ಮೇಲೆ ಎಂಟಂಗುಲ ಬಾಯಿಯ ದೊಡ್ಡ ಫಿರಂಗಿಯನ್ನು ನಿಲ್ಲಿಸಿದನು. ಸಹಿಯಿಲ್ಲದ ಒಂದು ಎಚ್ಚರಿಕೆಯ ಪತ್ರವನ್ನು ಕಳುಹಿಸಿ, ಆಗಸ್ಟ್ ೨೨ರ ಅಪರಾತ್ರಿ ನಾಲ್ಕು ಮೈಲಿಗೂ ಮಿಕ್ಕ ದೂರದ ಪಟ್ಟಣದ ಮೇಲೆ ಹೊಡೆಯಿಸಿದನು. ‘ಜೌಗಿನ ದೇವದೂತ’ನೆಂದು ಸಿಪಾಯಿಗಳು ಕರೆದ ಆ ಫಿರಂಗಿ ೩೬ನೆಯ ಹೊಡೆತಕ್ಕೆ ಸಿಡಿದುಹೋಯಿತು. ಯಂತ್ರವಿದ್ಯೆಯ ದೃಷ್ಟಿಯಿಂದ ಅದ್ಭುತವೆಂದು ಇದನ್ನು ಹೊಗಳುವುದುಂಟು. ನಿದ್ರಿಸುವ ಪಟ್ಟಣದ ಮೇಲೆ ಗುಂಡೆಸೆಯುವುದರಿಂದ ಬಂದರಿನ ಬಾಯಿ ಎಳ್ಳಷ್ಟೂ ಮುಚ್ಚಲಿಲ್ಲವೆಂಬುದನ್ನು ಮಾತ್ರ ನಾವು ಇಲ್ಲಿ ಗುರುತಿಸುತ್ತೇವೆ.

ಕಂದಕಗಳು ವ್ಯಾಗ್ನರಿನ ಅಗಳನ್ನು ಮುಟ್ಟಿದುವು. ಸೆಪ್ಟೆಂಬರ್ ೬ರ ರಾತ್ರಿ ದಕ್ಷಿಣದವರು ದೋಣಿಗಳಲ್ಲಿ ಮೆಲ್ಲನೆ ದ್ವೀಪವನ್ನು ತೆರವು ಮಾಡಿದರು. ಇಳಿದ ದಿನದಿಂದ ೫೮ ದಿನಗಳಾಗಿದ್ದುವು. ಆ ಮೇಲೆ ನಡೆದ ಘಟನೆ ನಗೆಪಾಟಲಿನದು. ಸೆಪ್ಟೆಂಬರ್ ೮ರ ರಾತ್ರಿ ಸಮ್ಟರಿನ ಹಾಳನ್ನು ಹಿಡಿಯಲು ಡಾಲ್‌ಗ್ರೆನ್ ದೋಣಿಗಳನ್ನು ಸಜ್ಜುಗೊಳಿಸಿದನು. ಅದೇ ರಾತ್ರಿ ಅದೇ ಕೆಲಸಕ್ಕೆ ಗಿಲ್ಮೋರನೂ ದೋಣಿಗಳನ್ನು ಸಜ್ಜುಗೊಳಿಸಿದ್ದನು. ಒಬ್ಬರ ಪಡೆ ಮತ್ತೊಬ್ಬರ ಅಧೀನಕ್ಕೆ ಬರಲೊಲ್ಲದು. ಇಳಿತದಿಂದಾಗಿ ಸೈನ್ಯದ ದೋಣಿಗಳು ತಡೆದು ನಿಂತುವು. ನೌಕಾಪಡೆಯ ಸುಮಾರು ೪೦೦ ಮಂದಿ ಒಂಟಿಯಾಗಿ ಹೋಗಿ, ಮುನ್ನವೇ ಸುದ್ದಿ ತಿಳಿದು ಕಾದಿದ್ದ ಶತ್ರುವಿನ ಕೈಗೆ ಸಿಕ್ಕರು. ನೂರಕ್ಕೂ ಹೆಚ್ಚು ಮಂದಿ ಸೆರೆಯಾದರು. ನೆಲಕ್ಕೂ ನೀರಿಗೂ ಒಬ್ಬನೇ ಒಡೆಯನಿಲ್ಲದಿದ್ದುದರ ಫಲ ಇದು. ಪಟ್ಟಣವನ್ನು ಹಿಡಿಯುವ ಗಂಭೀರ ಯತ್ನ ಇದರೊಡನೆ ಬಹುಮಟ್ಟಿಗೆ ಮುಗಿಯಿತು.

ಆದರೆ ಬಂದರಿನ ಸ್ಥಿತಿಯೇನಾಯಿತು? ಮೋರಿಸ್ ದ್ವೀಪ ಕೈಸೇರಿದ ಮೇಲೆ ಮಾನಿಟರ್‌ಗಳು ದಿಬ್ಬದ ಒಳಗೆ ಬಂದು ಹಡಗುದಾರಿಯಲ್ಲಿಯೇ ಲಂಗರು ಹಾಕಿದುವು. ಸಮ್ಟರಿನ ಫಿರಂಗಿಯಿಲ್ಲ, ಮೋರಿಸ್ ದ್ವೀಪದ ಫಿರಂಗಿಗಳು ಈಗ ಇವರವು. ಆ ಸೆಪ್ಟೆಂಬರಿನಿಂದ ಮುಂದಿನ ವಸಂತದವರೆಗೆ ಚಾರ್ಲ್‌ಸ್ಟನ್ನಿಗೆ ಹಡಗುಗಳ ಬರವು ಬಹುಮಟ್ಟಿಗೆ ನಿಂತುಹೋಯಿತು. ವರ್ತಕರು ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್ ಬಂದರಿಗೆ ಸರಿದರು. ಇಲ್ಲಿ ಒಂದು ಆಕ್ಷೇಪ ಏಳಬಹುದು: ವ್ಯಾಪಾರ ನಿಲ್ಲಲಿಲ್ಲ, ಸ್ಥಳಾಂತರವಾಯಿತಷ್ಟೆ. ಅಲ್ಲದೆ ೧೮೬೪ರಲ್ಲಿ ಸಲಿವನ್ ದ್ವೀಪದ ಪಕ್ಕದ ದಾರಿಯಲ್ಲಿ ಕೆಲವು ಹಡಗುಗಳು ಮತ್ತೆ ನುಸುಳಿದುವು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಒಂದೊಂದು ಬಂದರು ಮುಚ್ಚಿದಂತೆ ಉಳಿದ ಬಂದರುಗಳಿಗೆ ಹೆಚ್ಚು ಕಾವಲು ಒದಗುತ್ತದೆ. ೧೮೬೫ರ ಜನವರಿಯಲ್ಲಿ ಟೆರ್ರಿ ಮತ್ತು ಪೋರ್ಟರ್ ಎಂಬವರು ಸೈನ್ಯ ನೌಕಾಬಲಗಳ ಒಮ್ಮತದ ಕಾರ್ಯದಿಂದ ಫಿಷರ್ ಕೋಟೆಯನ್ನು ಹಿಡಿದಾಗ ವಿಲ್ಮಿಂಗ್ಟನ್ನೂ ಮುಚ್ಚಿತು. ಚಾರ್ಲ್‌ಸ್ಟನ್ನನ್ನು ಈ ಸರಣಿಯ ಒಂದು ಕೊಂಡಿಯಾಗಿ ನೋಡುವುದೇ ಯುಕ್ತ. ದಕ್ಷಿಣದವರೇ ಇದನ್ನು ಚೆನ್ನಾಗಿ ಅರಿತಿದ್ದರು. ಇಲ್ಲದಿದ್ದರೆ ೧೮೬೪ರ ಫೆಬ್ರವರಿ ೧೭ರಂದು ಎಂಟು ಮಂದಿ ‘ಹನ್ಲಿ’ ಎಂಬ ಕೈಯಿಂದ ತಿರುಗಿಸುವ ಮುಳುಗುಹಡಗಿನಲ್ಲಿ ಹೋಗಿ ‘ಹೌಸಟಾನಿಕ್’ ಎಂಬ ಕಾವಲುಹಡಗನ್ನು ಮುಳುಗಿಸಿ ತಾವೂ ಮುಳುಗುವ ಸಾಹಸಕ್ಕೆ ಇಳಿಯುತ್ತಿರಲಿಲ್ಲ.

ಈ ದಿಗ್ಬಂಧನದ ಬಿಸಿ ನಮ್ಮ ನಾಡಿಗೂ ತಟ್ಟಿತೆಂಬುದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಧಾರವಾಡ ಪ್ರಾಂತದಲ್ಲಿ ೧೮೪೦ರ ದಶಕದಿಂದಲೇ ಕಲೆಕ್ಟರ್ ಷಾ ಮೊದಲಾದವರ ಯತ್ನದಿಂದ ಅಮೆರಿಕದ ನ್ಯೂ ಆರ್ಲಿಯನ್ಸ್ ಜಾತಿಯ ಹತ್ತಿ ನೆಲೆಗೊಂಡಿತ್ತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದಲೇ ಅದು ಪೇಟೆಯಲ್ಲಿ ಪ್ರಸಿದ್ಧವಾಗಿತ್ತು. ದಕ್ಷಿಣದ ಬಂದರುಗಳು ಮುಚ್ಚಿದಂತೆ ಅದರ ಬೆಲೆ ಹಲವು ಮಡಿ ಏರಿತು. ಹತ್ತಿಯನ್ನು ಹೊರಸಾಗಿಸಲು ಸದಾಶಿವಗಡದ ಕೊಲ್ಲಿಯಲ್ಲಿ ಬಂದರನ್ನೂ ಅಲ್ಲಿಗೆ ಘಟ್ಟದ ರಸ್ತೆಯನ್ನೂ ನಿರ್ಮಿಸಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯ ತಂದರು. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸು ಆಧಿಪತ್ಯದಿಂದ ಮುಂಬಯಿಗೆ ಸೇರಿದುದಕ್ಕೂ ಕಾರವಾರವು ಬೆಳೆದುದಕ್ಕೂ ಈ ಹತ್ತಿಯ ಹಸಿವು ಒಂದು ಮುಖ್ಯ ಕಾರಣ. ಬೆಲೆ ಏರಿದಾಗ ಕಲಬೆರಕೆಯೂ ಏರಿ, ಅದನ್ನು ತಡೆಯಲು ೧೮೬೩ರಲ್ಲಿ ಮುಂಬಯಿ ಸರ್ಕಾರ ಕಾಯಿದೆಯನ್ನೇ ಮಾಡಬೇಕಾಯಿತು. ೧೮೬೫ರ ಏಪ್ರಿಲಿನಲ್ಲಿ ಯುದ್ಧ ಮುಗಿದ ಸುದ್ದಿ ಬಂದೊಡನೆ ಬೆಲೆ ಕುಸಿಯಿತು. ಜುಲೈ ೧ರಂದು ಮುಂಬಯಿಯ ವಾಯಿದೆ ವ್ಯವಹಾರಗಳು ಮುರಿದುಬಿದ್ದು ಹಲವು ಬ್ಯಾಂಕುಗಳೂ ಕಂಪೆನಿಗಳೂ ನೆಲಕಚ್ಚಿದುವು. ಗದಗು ಹುಬ್ಬಳ್ಳಿಗಳ ರೈತನಿಗೆ ಚಾರ್ಲ್‌ಸ್ಟನ್ ಎಂಬ ಹೆಸರು ತಿಳಿದಿರಲಾರದು. ಅವನ ಹೊಲದ ಬೆಲೆಯನ್ನು ಕೆಲಕಾಲ ಕಟ್ಟಿದುದು ಅಂಥ ಬಂದರುಗಳ ಬಾಯಲ್ಲಿ ನಿಂತ ಹಡಗುಗಳು.

ಚಾರ್ಲ್‌ಸ್ಟನ್ ಕೊನೆಗೆ ಬಿದ್ದುದು ಸಮುದ್ರದ ಕಡೆಯಿಂದಲ್ಲ. ವಿಲಿಯಂ ಷರ್ಮನ್ನನ ಸೈನ್ಯವು ಒಳನಾಡಿನಲ್ಲಿ ಸಾಗಿ ೧೮೬೫ರ ಫೆಬ್ರವರಿ ೧೭ರಂದು ರಾಜ್ಯದ ರಾಜಧಾನಿಯಾದ ಕೊಲಂಬಿಯಾವನ್ನು ಹಿಡಿದಾಗ ಪಟ್ಟಣದ ಹಿಂದಿನ ದಾರಿಗಳು ಕಡಿದುವು. ಆ ರಾತ್ರಿಯೇ ದಕ್ಷಿಣದ ಸೈನ್ಯ ಕೋಟೆಗಳನ್ನು ಬಿಟ್ಟು ಹೊರಟಿತು. ಮರುದಿನ ಬೆಳಗ್ಗೆ ಮೋರಿಸ್ ದ್ವೀಪದಿಂದ ದೋಣಿಗಳಲ್ಲಿ ಬಂದು ಪಟ್ಟಣದ ಕಟ್ಟೆಯಲ್ಲಿ ಇಳಿದವರಲ್ಲಿ ಮೊದಲಿಗರು ೨೧ನೆಯ ಕಪ್ಪುವರ್ಣೀಯ ಪಡೆಯವರು. ಆ ಪಡೆಯಲ್ಲಿ ಹಲವರು ಕೆಲವು ವರ್ಷಗಳ ಹಿಂದೆ ಅದೇ ಕರಾವಳಿಯ ತೋಟಗಳಲ್ಲಿ ಗುಲಾಮರಾಗಿ ದುಡಿದವರು. ಪಟ್ಟಣದ ಮೇಯರನ ಶರಣಾಗತಿಯನ್ನು ಸ್ವೀಕರಿಸಿದವನು ಆ ಪಡೆಯ ನಾಯಕನಾದ ಲೆಫ್ಟಿನೆಂಟ್ ಕರ್ನಲ್ ಬೆನೆಟ್.